ಚಾರಣದ ಅಡುಗೆಗೆ ಯಾವ ಗವಸು: ಬೆಳ್ಳಿ ಹಾಳೆಯೋ, ಕಂಬಳಿಯೋ, ಫೋಮ್ ಚಾಪೆಯೋ?

ಎರಡು ಮೂರು ದಿನದ ಚಾರಣಕ್ಕೆ ಹೊರಟಾಗ ಚೀಲದಲ್ಲಿರುವ ವಸ್ತುಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸುವುದು ಗ್ಯಾಸಿನ ಡಬ್ಬಿ. 230 ಗ್ರಾಂ ಗ್ಯಾಸು ತುಂಬಿದ ಡಬ್ಬಿಯೊಂದನ್ನು ಹೊತ್ತು ನಡೆದು, ಅನ್ನವನ್ನು ಒಲೆಯ ಮೇಲೆಯೇ ಪೂರ್ತಿ ಬೇಯಿಸುತ್ತ ಕುಳಿತರೆ, ಎರಡನೆಯ ದಿನದ ಸಂಜೆಗೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಪರಿಸ್ಥಿತಿ ಬರುತ್ತದೆ. ಅಕ್ಕಿಯ ಪಿಷ್ಟ ಉಬ್ಬಿ ಮೆತ್ತಗಾಗಲು ನೀರು ಕೊನೆಯವರೆಗೂ ಕುದಿಯುತ್ತಲೇ ಇರಬೇಕಾಗಿಲ್ಲ. ಎಪ್ಪತ್ತೈದು ಎಂಬತ್ತು ಡಿಗ್ರಿಯ ಬಿಸಿಯಲ್ಲಿ ಸಾಕಷ್ಟು ಹೊತ್ತು ಇದ್ದರೂ ಅದು ಬೇಯುತ್ತದೆ. ಆದ್ದರಿಂದ ಕುದಿ ಬಂದು ನಾಲ್ಕೈದು ನಿಮಿಷವಾದ ಮೇಲೆ ಉರಿ ಆರಿಸಿ, ಪಾತ್ರೆಯನ್ನು ಶಾಖ ಬಿಡದ ಗವಸಿನೊಳಗೆ ಇಳಿಸಿಟ್ಟರೆ ಉಳಿದ ಕೆಲಸವನ್ನು ಪಾತ್ರೆಯ ಬಿಸಿಯೇ ಮುಗಿಸುತ್ತದೆ. ಆ ಗವಸನ್ನು ಯಾವುದರಿಂದ ಮಾಡಿಕೊಳ್ಳಬೇಕು ಎಂಬುದನ್ನು ನಾನು ಒಂದು ವರ್ಷ ಕಾಲ ಮನೆಯಲ್ಲಿಯೂ ದಾರಿಯಲ್ಲಿಯೂ ಪರೀಕ್ಷಿಸಿ ನೋಡಿದ್ದೇನೆ.

ಮೊದಲ ಸುತ್ತು ನಡೆದದ್ದು ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಒಂದು ಲೀಟರಿನ ಅಲ್ಯೂಮಿನಿಯಂ ಪಾತ್ರೆಯಲ್ಲಿ 600 ಮಿಲಿಲೀಟರ್ ನೀರು ಕುದಿಸಿ, ಮುಚ್ಚಳದಲ್ಲಿ ಆವಿ ಹೋಗುವ ತೂತಿನ ಮೂಲಕ ಅಡುಗೆಯ ಥರ್ಮಾಮೀಟರಿನ ಕಡ್ಡಿಯನ್ನು ಇಳಿಸಿ, ಅರ್ಧ ಗಂಟೆಯ ಬಳಿಕ ಎಷ್ಟು ಬಿಸಿ ಉಳಿದಿದೆ ಎಂದು ಬರೆದುಕೊಂಡೆ. ಗವಸೇ ಇಲ್ಲದ ಪಾತ್ರೆ 68ಕ್ಕೆ ಇಳಿದಿತ್ತು. ಬೆಳ್ಳಿ ಹಾಳೆಯ ಗವಸಿನೊಳಗೆ 80, ಎರಡು ಮಡಿಕೆ ಕಂಬಳಿಯೊಳಗೆ 81, ಹತ್ತು ಮಿಲಿಮೀಟರ್ ದಪ್ಪದ ಫೋಮಿನೊಳಗೆ 84 ಡಿಗ್ರಿ ಉಳಿದಿತ್ತು. ಇಷ್ಟನ್ನೇ ನೋಡಿದರೆ ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ನಡೆಯುತ್ತದೆ ಎನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು, ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆಯ ಮೇಲೆ ನಡೆಯುವವರೆಗೆ.

ಬೆಳ್ಳಿ ಹಾಳೆ ಎಂದು ನಾನು ಕರೆಯುತ್ತಿರುವುದು ನಿಲ್ಲಿಸಿದ ಕಾರಿನ ಮುಂದಿನ ಗಾಜಿಗೆ ಬಿಸಿಲು ತಡೆಯಲು ಇಡುತ್ತಾರಲ್ಲ, ಗಾಳಿಗುಳ್ಳೆಗಳ ಪ್ಲಾಸ್ಟಿಕ್ಕಿಗೆ ಎರಡೂ ಬದಿ ಹೊಳೆಯುವ ಪದರ ಅಂಟಿಸಿದ್ದು, ಅದನ್ನು. ಕತ್ತರಿಯಲ್ಲಿ ಕತ್ತರಿಸಿ, ಅಲ್ಯೂಮಿನಿಯಂ ಟೇಪಿನಿಂದ ಜೋಡಿಸಿದರೆ ಒಂದು ತಾಸಿನಲ್ಲಿ ಗವಸು ಸಿದ್ಧ. ತೂಕ 35 ಗ್ರಾಂ ದಾಟುವುದಿಲ್ಲ. ಬಟ್ಟೆಯ ಟೇಪನ್ನು ಮಾತ್ರ ಬಳಸಬಾರದು, ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ. ಹೊಳಪಿನಿಂದಲೇ ಶಾಖ ಉಳಿಯುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಆದರೆ ಹೊಳಪು ತಡೆಯುವುದು ವಿಕಿರಣವಾಗಿ ಹೋಗುವ ಶಾಖವನ್ನು ಮಾತ್ರ. ಅಲ್ಯೂಮಿನಿಯಂ ಪಾತ್ರೆ ತಾನೇ ಹೊಳೆಯುವುದರಿಂದ ಅದರಿಂದ ಹಾಗೆ ಹೋಗುವ ಶಾಖ ಮೊದಲೇ ಕಡಿಮೆ. ಹಾಳೆ ಪಾತ್ರೆಗೆ ತಾಗಿಕೊಂಡಿದ್ದರೆ ಹೊಳಪಿಗೆ ಕೆಲಸವೇ ಇರುವುದಿಲ್ಲ, ಕೆಲಸ ಮಾಡುವುದು ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿ. ಚೀಲದಲ್ಲಿ ಅಮುಕಿ ಅಮುಕಿ ಆ ಗುಳ್ಳೆಗಳು ಒಡೆಯುತ್ತ ಹೋದಂತೆ ಗವಸಿನ ಸತ್ವವೂ ಕುಂದುತ್ತದೆ. ನನ್ನದು ಆರನೆಯ ಚಾರಣದ ಹೊತ್ತಿಗೆ ಹಳೆಯ ಚಾಕೊಲೇಟ್ ಕಾಗದದಂತೆ ಮುದುಡಿಹೋಗಿತ್ತು.

ಕಂಬಳಿಯ ಮೇಲೆ ನನಗೆ ಪ್ರೀತಿ ಇದೆ. ಮಳೆಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲೆಂದು ಆಯಿ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕದ ಮೂಲೆಯಲ್ಲಿ ಇಡುತ್ತಿದ್ದದ್ದನ್ನು ನೋಡಿಯೇ ನಾನು ಈ ಪ್ರಯೋಗಕ್ಕೆ ಇಳಿದದ್ದು. ಹಳೆಯ ಕರಿ ಕಂಬಳಿಯ ಅಂಚನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ದಬ್ಬಣದಿಂದ ಹೊಲಿದು ಗವಸು ಮಾಡಿದೆ. ಉಣ್ಣೆಯ ದೊಡ್ಡ ಗುಣವೆಂದರೆ ಅದು ಕರಗುವುದಿಲ್ಲ. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯನ್ನು ನಿರ್ಭಯವಾಗಿ ಅದರೊಳಗೆ ಇಡಬಹುದು. ಮನೆಯೊಳಗೆ ಇದಕ್ಕಿಂತ ಹಿತವಾದ ಗವಸು ಬೇರೆ ಇಲ್ಲ. ಆದರೆ ಕುಮಟಾ ಗೋಕರ್ಣದ ದಾರಿಯ ಬಾಡ ಎಂಬ ಊರಿನ ದಂಡೆಯಲ್ಲಿ, ಡಿಸೆಂಬರಿನ ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಗಾಳಿಯಲ್ಲಿ, ಅರ್ಧ ಗಂಟೆಗೆ ಕಂಬಳಿಯೊಳಗಿನ ನೀರು 74ಕ್ಕೆ ಇಳಿದಿತ್ತು. ಕೈಮಗ್ಗದ ಕಂಬಳಿಯ ನೇಯ್ಗೆ ಸಡಿಲ. ಗಾಳಿ ಅದರೊಳಗೆ ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಅದೇ ಗಾಳಿಯಲ್ಲಿ ಬೆಳ್ಳಿ ಹಾಳೆ 77, ಫೋಮು 83 ಉಳಿಸಿಕೊಂಡವು. ಅಲ್ಲದೆ ಕಂಬಳಿಯ ತೂಕ 180 ಗ್ರಾಂ. ಅನ್ನದ ಗಂಜಿ ಉಕ್ಕಿ ಹೀರಿಕೊಂಡರೆ, ಅಥವಾ ಮಳೆಯ ಹನಿ ತಾಗಿದರೆ, ಅದು ಇನ್ನೂರೈವತ್ತಕ್ಕೆ ಏರುತ್ತದೆ, ಮತ್ತು ಘಟ್ಟದ ಮೇಲಿನ ಜೂನ್ ತಿಂಗಳಲ್ಲಿ ಮೂರು ದಿನವಾದರೂ ಒಣಗುವುದಿಲ್ಲ.

ಫೋಮಿನ ಗವಸನ್ನು ಮಾಡಿದ್ದು ಹರಿದುಹೋದ ಮಲಗುವ ಚಾಪೆಯಿಂದ. ಇದರೊಳಗಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ, ಆದ್ದರಿಂದ ನೀರೂ ಒಳಗೆ ಹೋಗುವುದಿಲ್ಲ, ಗಾಳಿಯೂ ನುಗ್ಗುವುದಿಲ್ಲ. ಉಪ್ಪುನೀರು ಸಿಡಿದರೆ ಒರೆಸಿದರಾಯಿತು. ತೂಕ 45 ಗ್ರಾಂ. ಇದರ ದೋಷ ಒಂದೇ, ಆದರೆ ಅದು ಸಣ್ಣದಲ್ಲ: ಬಿಸಿಗೆ ಮೆತ್ತಗಾಗುತ್ತದೆ. ಮೊದಲ ಸಲ ನಾನು ಉರಿಯಿಂದ ತೆಗೆದ ಪಾತ್ರೆಯನ್ನು ನೇರವಾಗಿ ಇಳಿಸಿಬಿಟ್ಟೆ. ಊಟವಾದ ಮೇಲೆ ನೋಡಿದರೆ ತಳದ ಬಿಲ್ಲೆ ಪಾತ್ರೆಯ ಅಂಚಿನ ಆಕಾರಕ್ಕೆ ಕುಗ್ಗಿ, ನಡುವೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಪರಿಹಾರ ಸಿಕ್ಕಿದ್ದು ತೋಟದಲ್ಲಿ. ಉದುರಿಬಿದ್ದ ಅಡಿಕೆ ಹಾಳೆಯನ್ನು ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ, ಪಾತ್ರೆಯ ತಳಕ್ಕಿಂತ ಒಂದು ಬೆರಳು ಅಗಲವಾಗಿ ದುಂಡಗೆ ಕತ್ತರಿಸಿ ಫೋಮಿನ ಮೇಲೆ ಹಾಸಿದೆ. ಹಾಳೆ ಬಿಸಿಗೆ ಕರಗುವುದಿಲ್ಲ, ತೂಕವೂ ಲೆಕ್ಕಕ್ಕಿಲ್ಲ. ಪಾತ್ರೆಯನ್ನು ಹತ್ತು ಎಣಿಸುವಷ್ಟು ಹೊತ್ತು ಮರಳಿನ ಮೇಲೋ ಕಲ್ಲಿನ ಮೇಲೋ ಇಟ್ಟು ಆಮೇಲೆ ಒಳಗಿಳಿಸುತ್ತೇನೆ. ಆ ಬಳಿಕ ಎರಡನೆಯ ಬಿಲ್ಲೆ ಬೇಕಾಗಿಲ್ಲ. ಯಾವ ಗವಸನ್ನೂ ಉರಿಯುವ ಒಲೆಯ ಮೇಲಿರುವ ಪಾತ್ರೆಗೆ ತೊಡಿಸಲೇಬಾರದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕನ್ನು ಕೂಡ ಒಮ್ಮೆ ಹೊತ್ತೆ. ಬಿಸಿ ಉಳಿಸುವುದರಲ್ಲಿ ಮೂರೂ ಗವಸುಗಳು ಅದರ ಸಮಕ್ಕೆ ಬರುವುದಿಲ್ಲ; ಆದರೆ ಅರ್ಧ ಕಿಲೋ ತೂಕ, ತಳದಲ್ಲಿ ಅಂಟಿದ ಅನ್ನ ತೊಳೆಯಲು ಕೈ ಹೋಗುವುದಿಲ್ಲ, ಅದನ್ನು ಒಲೆಯ ಮೇಲೆ ಇಡುವಂತೆಯೂ ಇಲ್ಲ.

ಗವಸಿನ ವಸ್ತುವಿಗಿಂತ ಅದರ ಕಟ್ಟು ಮುಖ್ಯ ಎಂಬುದು ನನಗೆ ತಡವಾಗಿ ತಿಳಿಯಿತು. ಪಾತ್ರೆಯ ಸುತ್ತ ಮಾತ್ರ ಫೋಮು ಸುತ್ತಿ, ಮುಚ್ಚಳವನ್ನು ಬರಿದೇ ಬಿಟ್ಟು ನೋಡಿದಾಗ ಅರ್ಧ ಗಂಟೆಗೆ 75 ಬಂತು. ಆವಿ ಮೇಲಿನಿಂದಲೇ ಹೋಗುತ್ತದೆ, ಹೋಗುವಾಗ ಬಹಳಷ್ಟು ಶಾಖವನ್ನು ಜೊತೆಗೆ ಒಯ್ಯುತ್ತದೆ. ಈಗ ನನ್ನ ಗವಸಿನ ಮೇಲ್ಮುಚ್ಚಳ ಟೊಪ್ಪಿಯಂತೆ ನಾಲ್ಕು ಬೆರಳು ಕೆಳಗೆ ಇಳಿದು ಕೂರುತ್ತದೆ. ಒಳ ಅಳತೆಯನ್ನು ಎರಡು ಮಿಲಿಮೀಟರ್ ಸಡಿಲ ಬಿಟ್ಟಿದ್ದೇನೆ, ಇಲ್ಲವಾದರೆ ತೆಗೆಯುವಾಗ ಪಾತ್ರೆ ಕಚ್ಚಿಕೊಂಡು ಸಾರು ಚೆಲ್ಲುತ್ತದೆ.

ಏನು ಬೇಯುತ್ತದೆ, ಏನು ಬೇಯುವುದಿಲ್ಲ ಎಂಬುದನ್ನೂ ಹೇಳಬೇಕು. ಬೆಳ್ತಿಗೆ ಅಕ್ಕಿ, ಹುರಿದ ರವೆಯ ಉಪ್ಪಿಟ್ಟು, ಶಾವಿಗೆ ಯಾವ ತಕರಾರೂ ಇಲ್ಲದೆ ಆಗುತ್ತವೆ. ಹೆಸರುಬೇಳೆಯನ್ನು ನಡೆಯುವಾಗಲೇ ಬಾಟಲಿಯಲ್ಲಿ ಎರಡು ತಾಸು ನೆನೆಸಿಟ್ಟರೆ ತೊವ್ವೆ ನಲವತ್ತು ನಿಮಿಷದಲ್ಲಿ ಸಿದ್ಧ. ಕುಚ್ಚಲಕ್ಕಿಯ ಗಂಜಿ ಮಾತ್ರ ಆಗಲಿಲ್ಲ. ಎರಡು ಸಲ ಗವಸಿನಿಂದ ತೆಗೆದು ಮತ್ತೆ ಕುದಿಸಿದರೂ ಕಾಳಿನ ನಡುವೆ ಗಟ್ಟಿ ಉಳಿಯಿತು. ರಾಜ್ಮಾವನ್ನು ಈ ವಿಧಾನದಲ್ಲಿ ಬೇಯಿಸಲು ಹೋಗಲೇಬಾರದು: ಅದರಲ್ಲಿರುವ ವಿಷಾಂಶ ನಾಶವಾಗಲು ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಯಬೇಕು, ಗವಸಿನೊಳಗಿನ ಮಂದ ಬಿಸಿ ಅದಕ್ಕೆ ಸಾಲದು. ಬೆಂದ ಅನ್ನವನ್ನೂ ಅರವತ್ತು ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಉಂಡು ಮುಗಿಸುವುದು ಒಳ್ಳೆಯದು. ಬೆಳಗಿನದನ್ನು ಮಧ್ಯಾಹ್ನಕ್ಕೆಂದು ಗವಸಿನಲ್ಲೇ ಇಟ್ಟುಕೊಂಡು ನಡೆಯಬಾರದು.

ಕುಮಟಾ ಗೋಕರ್ಣದ ಆ ನಡಿಗೆಯ ಎರಡನೆಯ ದಿನ, ಅಘನಾಶಿನಿಯ ಧಕ್ಕೆಯಲ್ಲಿ ತದಡಿಗೆ ಹೋಗುವ ದೋಣಿ ಬರುವುದು ತಡವಾಯಿತು. ಒಲೆ ಆರಿಸಿ ಅನ್ನವನ್ನು ಫೋಮಿನ ಗವಸಿಗೆ ಇಳಿಸಿದ್ದೆ, ಅಷ್ಟರಲ್ಲಿ ದೋಣಿ ಬಂತು. ಗವಸನ್ನು ಪಂಚೆಯಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ನದಿ ದಾಟಿದೆವು. ಆಚೆ ದಡದಲ್ಲಿ ಮುಚ್ಚಳ ತೆಗೆದಾಗ ಅನ್ನ ಅರಳಿ ನಿಂತಿತ್ತು, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಕಲಸುವಾಗ ಬೆರಳು ಸುಡುವಷ್ಟು ಬಿಸಿಯಿತ್ತು.