ಗದ್ದದ ಕುರು ವಾಸಿಯಾಗ್ತಿಲ್ವಾ? ಹಲ್ಲು ತೋರಿಸಿ

ಗದ್ದದಲ್ಲೋ ದವಡೆಯ ಅಂಚಿನಲ್ಲೋ ಒಂದು ಕುರು ಎದ್ದು, ಒಡೆದು, ಕೀವು ಸೋರಿ, ಒಣಗಿ, ಮತ್ತೆ ಅದೇ ಜಾಗದಲ್ಲಿ ಏಳ್ತಾ ಇದ್ದರೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರಬೇಡಿ. ಕುಯ್ಯಿಸುವ ಮೊದಲು ಹಲ್ಲಿನ ಎಕ್ಸ್‌ರೇ ತೆಗೆಸಿ.

ನನಗೆ ಗದ್ದದ ನಡುವೆ ಕಾಳುಮೆಣಸಿನಷ್ಟು ದಪ್ಪ ಎದ್ದಿತ್ತು. ಶೇವ್ ಮಾಡುವಾಗ ಬ್ಲೇಡ್ ತಾಗಿ ನಂಜಾಗಿದೆ ಅಂದರು ಮಡಿಕೇರಿಯ ಒಬ್ಬ ಡಾಕ್ಟರು. ಮಾತ್ರೆ ನುಂಗುವಷ್ಟು ದಿನ ಇಳಿಯಿತು, ನಿಲ್ಲಿಸಿದ ಮೇಲೆ ಮತ್ತೆ ಶುರು. ಆಮೇಲೆ ಚರ್ಮದ ಕ್ಲಿನಿಕ್ಕಿನಲ್ಲಿ ಇದು ಗಂಟು ಅಂತ ಕುಯ್ದು ಹೊಲಿಗೆ ಹಾಕಿದರು. ದುಡ್ಡೂ ಹೋಯಿತು. ಮಳೆ ಮುಗಿದು ಕಾಫಿ ಕುಯ್ಲು ಬರುವ ಹೊತ್ತಿಗೆ ಹೊಲಿಗೆಯ ಜಾಗದಲ್ಲೇ ಕೀವು! ಅಷ್ಟು ಜನ ನೋಡಿದರಲ್ಲ, ಒಬ್ಬರಾದರೂ ಬಾಯಿ ತೆರೆಸಿ ನೋಡಬಾರದಿತ್ತಾ?

ಕೊನೆಗೆ ವಿರಾಜಪೇಟೆಯಲ್ಲಿ ಹಲ್ಲಿನ ಡಾಕ್ಟರು ಕೆಳಗಿನ ಮುಂದಿನ ಹಲ್ಲನ್ನು ತಟ್ಟಿ, "ಇದಕ್ಕೆ ಯಾವತ್ತಾದರೂ ಪೆಟ್ಟು ಬಿದ್ದಿತ್ತಾ?" ಅಂತ ಕೇಳಿದರು. ಬಿದ್ದಿತ್ತು, ಎಷ್ಟೋ ವರ್ಷದ ಹಿಂದೆ ಮೆಣಸು ಕುಯ್ಯುವಾಗ ಏಣಿ ಜಾರಿ. ಕುರುವಿನ ತೂತಿನೊಳಗೆ ರಬ್ಬರಿನಂಥ ತೆಳು ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದರು. ಕಡ್ಡಿಯ ತುದಿ ನೇರವಾಗಿ ಆ ಹಲ್ಲಿನ ಬೇರಿಗೆ ಹೋಗಿ ನಿಂತಿತ್ತು.

ಪೆಟ್ಟಿನಿಂದಲೋ ಹುಳುಕಿನಿಂದಲೋ ಹಲ್ಲಿನೊಳಗಿನ ನರ ಸತ್ತರೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ, ಅದು ಮೆಲ್ಲಗೆ ಮೂಳೆ ಕೊರೆದು ಚರ್ಮದವರೆಗೆ ದಾರಿ ಮಾಡಿಕೊಳ್ಳುತ್ತದೆ. ಕೀವು ಹೊರಗೆ ಹೋಗುತ್ತಲೇ ಇರುವುದರಿಂದ ಒಳಗೆ ಒತ್ತಡ ಇಲ್ಲ, ಹಾಗಾಗಿ ಎಷ್ಟೋ ಜನರಿಗೆ ಹಲ್ಲು ನೋಯುವುದೇ ಇಲ್ಲ. ಮೋಸ ಹೋಗುವುದೇ ಇಲ್ಲಿ. ಸತ್ತ ಹಲ್ಲಿನೊಳಗೆ ರಕ್ತ ಹರಿಯಲ್ಲ, ಅಂದಮೇಲೆ ಮಾತ್ರೆ ಅಲ್ಲಿಗೆ ಹೇಗೆ ಮುಟ್ಟಬೇಕು, ಅಲ್ವಾ? ಜಾಸ್ತಿ ಕಾಣುವುದು ಕೆಳಗಿನ ಹಲ್ಲುಗಳಿಂದ, ಗದ್ದ ಮತ್ತು ದವಡೆಯಲ್ಲಿ. ಮೇಲಿನ ಹಲ್ಲಾದರೆ ಕೆನ್ನೆಯಲ್ಲೋ ಮೂಗಿನ ಪಕ್ಕವೋ ಏಳಬಹುದು. ಕುರು ಮೂಳೆಗೆ ಅಂಟಿದ ಹಾಗೆ ಅಲುಗಾಡದಿದ್ದರೆ, ಒತ್ತಿ ನೋಡಿದಾಗ ಒಳಗೆ ದಾರದಂತೆ ಏನೋ ಸಿಕ್ಕಿದರೆ ಅನುಮಾನ ಪಡಿ.

ನನಗೆ ರೂಟ್ ಕೆನಾಲ್ ಮಾಡಿದರು, ಅಂದರೆ ಹಲ್ಲಿನೊಳಗಿನ ಸತ್ತ ನರ ತೆಗೆದು, ತೊಳೆದು ತುಂಬಿದರು, ಹಲ್ಲು ಉಳಿಯಿತು. ಚರ್ಮಕ್ಕೆ ಏನೂ ಮಾಡಲಿಲ್ಲ, ಕೆಲವೇ ವಾರದಲ್ಲಿ ತೂತು ತಾನಾಗಿ ಮುಚ್ಚಿತು. ಗುಳಿ ಮಾತ್ರ ಉಳಿದಿದೆ.

ಹಲ್ಲೆಲ್ಲ ಸರಿ ಇದೆ ಅಂತಾದರೆ ಅಲ್ಲಿಗೇ ಬಿಡಬೇಡಿ. ವಾಸಿಯಾಗದ ಹುಣ್ಣು ಚರ್ಮದ ಕ್ಯಾನ್ಸರೂ ಆಗಿರಬಹುದು, ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ) ಕೇಳಿ. ಇನ್ನು ದವಡೆಯ ಕೆಳಗೆ ಊದಿಕೊಂಡು, ಜ್ವರ ಬಂದು, ನುಂಗಲಿಕ್ಕೋ ಉಸಿರಾಡಲಿಕ್ಕೋ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಜೀಪು ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋಗಿ.