ಹಳೆಯ ನೆಟ್‌ವರ್ಕ್ ಪೆಟ್ಟಿಗೆ, ಲಿನಕ್ಸ್‌ನ ಮೌಂಟ್ ಆಜ್ಞೆ

ಅಪ್ಪ ತೆಗೆದ ಜಾತ್ರೆ, ಮದುವೆಗಳ ಫೋಟೊ ಇಡಲೆಂದು ಎರಡು ಡಿಸ್ಕ್‌ಗಳ ನೆಟ್‌ವರ್ಕ್ ಪೆಟ್ಟಿಗೆಯೊಂದನ್ನು ಯಾರೋ ಬಳಸಿದ್ದನ್ನೇ ಕೊಂಡೆ. ಗಟ್ಟಿಮುಟ್ಟಾಗಿದೆ, ಸದ್ದಿಲ್ಲ. ತೊಡಕಾದದ್ದು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲು ಹಂಚುವ ಪ್ರೋಟೊಕಾಲ್, ಎಂದರೆ ಯಂತ್ರಗಳು ಮಾತಾಡುವ ನಿಯಮಾವಳಿ) ಮೌಂಟ್ ಮಾಡುವಾಗ, ಅಂದರೆ ಪೆಟ್ಟಿಗೆಯ ಫೋಲ್ಡರನ್ನು ನನ್ನ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸುವಾಗ. ಆಜ್ಞೆಯ ಆಯ್ಕೆಗಳಲ್ಲಿ ಎನ್‌ಎಫ್‌ಎಸ್ ಆವೃತ್ತಿ 4.2 ಎಂದು ಬರೆದೆ; ‘ಪ್ರೋಟೊಕಾಲ್‌ಗೆ ಬೆಂಬಲವಿಲ್ಲ’ ಎಂಬ ಒಂದೇ ಸಾಲು ಬಂತು. ಆವೃತ್ತಿಯನ್ನು ನಾವೇ ಕಟ್ಟಿಹಾಕಿದರೆ ಆಜ್ಞೆ ಹಳೆಯ ಆವೃತ್ತಿಗೆ ಕೆಳಗಿಳಿಯುವುದಿಲ್ಲ. ಅದನ್ನು ಅಳಿಸಿದೆ, ಆಜ್ಞೆ ತಾನೇ 4.2, 4.1, 4.0 ಎಂದು ಮೆಟ್ಟಿಲಿಳಿದು 3ಕ್ಕೆ ಬಂತು.

ಅಲ್ಲಿ ಮತ್ತೊಂದು ದೋಷ: ‘ಸ್ಟ್ಯಾಟ್‌ಡಿ ನಡೆಯುತ್ತಿಲ್ಲ’. ಸ್ಟ್ಯಾಟ್‌ಡಿ ಎಂದರೆ ಫೈಲಿನ ಬೀಗಗಳಿಗೆ ನೆರವಾಗುವ ಹಿನ್ನೆಲೆ ಸೇವೆ. ಮೂರನೆಯ ಆವೃತ್ತಿ 1995ರದು. ಇಬ್ಬರು ಒಟ್ಟಿಗೆ ಬದಲಿಸದಂತೆ ಫೈಲಿಗೆ ಬೀಗ ಹಾಕಲು ಅದಕ್ಕೆ ಪ್ರತ್ಯೇಕ ಸೇವೆಗಳು ಬೇಕು. ನಾಲ್ಕರಲ್ಲಿ ಬೀಗ ಪ್ರೋಟೊಕಾಲಿನೊಳಗೇ ಇದೆ, 2049ನೇ ಪೋರ್ಟ್ (ಸಂಪರ್ಕದ ಬಾಗಿಲು) ಒಂದೇ ಸಾಕು. ಸ್ಟ್ಯಾಟ್‌ಡಿಯ ಈ ದೋಷ ಸಂದೇಶ ಬರೆದವರ ಮೇಲೆ ನನಗೆ ನಿಜವಾದ ಗೌರವ ಮೂಡಿತು. ‘ನೋಲಾಕ್’ (ಬೀಗಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಇಡುವ) ಆಯ್ಕೆ ಕೊಡಿ, ಇಲ್ಲವೇ ಸ್ಟ್ಯಾಟ್‌ಡಿ ಆರಂಭಿಸಿ ಎಂದು ದಾರಿಯನ್ನೂ ಅದೇ ತೋರಿಸುತ್ತದೆ. ಸೇವೆ ಆರಂಭಿಸಿದೆ, ಫೋಟೊಗಳು ತೆರೆದವು.

ಪೆಟ್ಟಿಗೆಯವರ ಮೇಲೆ ಮಾತ್ರ ಬೇಸರವಿದೆ: ನಾಲ್ಕನೆಯ ಆವೃತ್ತಿಯ ಗುಂಡಿಯನ್ನು ಸೆಟ್ಟಿಂಗ್‌ನ ಮೂರು ಪುಟಗಳ ಒಳಗೆ, ಆಫ್ ಮಾಡಿಯೇ ಇಟ್ಟಿದ್ದರು. ಅದನ್ನು ಆನ್ ಮಾಡಿ ಮತ್ತೆ ಮೌಂಟ್ ಮಾಡಿದ ಮೇಲೆ, ಬಳಕೆಯಲ್ಲಿರುವ ಆವೃತ್ತಿ ತೋರಿಸುವ ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ’ ಆಜ್ಞೆ ಕೊಟ್ಟು ನೋಡಿದೆ, 4.0 ಎಂದಿತು. ಐದಕ್ಕೆ ಮೂರೂವರೆ ಅಂಕ.