ಮೂರ್ನಾಲ್ಕು ಹಾರ್ಡ್‌ಡಿಸ್ಕ್‌ಗಳ ಫೋಟೊಗಳಿಗೆ ಡಿಜಿಕ್ಯಾಮ್: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಫೋಟೊಗಳು ಒಂದು ಡಿಸ್ಕ್‌ನಲ್ಲಿ ಹಿಡಿಸದೆ ಮೂರ್ನಾಲ್ಕಕ್ಕೆ ಹಂಚಿಹೋದ ಮೇಲೆ ವಿಂಡೋಸ್ ಬಳಸುವವರಿಗೆ ಮೊದಲು ಕಾಟ ಕೊಡುವುದು ಡ್ರೈವ್ ಲೆಟರ್. ನಿನ್ನೆ ‘ಇ’ ಆಗಿದ್ದ ಡಿಸ್ಕ್ ಇವತ್ತು ‘ಜಿ’ ಆಗಿರುತ್ತದೆ. ಸಾಫ್ಟ್‌ವೇರ್‌ಗೆ ಫೋಲ್ಡರೇ ಸಿಗುವುದಿಲ್ಲ. ಫೋಟೊ ವಿಂಗಡಿಸಿ ಜೋಡಿಸಿಡುವ, ಉಚಿತವಾಗಿ ಸಿಗುವ ಡಿಜಿಕ್ಯಾಮ್ ಸಾಫ್ಟ್‌ವೇರ್ ಇಲ್ಲಿ ಗೆಲ್ಲುತ್ತದೆ. ಅದು ನೋಡುವುದು ಅಕ್ಷರವನ್ನಲ್ಲ, ಡಿಸ್ಕ್‌ನ ಯುಯುಐಡಿ ಎಂಬ, ಲೆಟರ್ ಬದಲಾದರೂ ಬದಲಾಗದ ಗುರುತನ್ನು. ಫೋಟೊಗಳನ್ನು ತನ್ನೊಳಗೆ ಎಳೆದುಕೊಳ್ಳುವುದೂ ಇಲ್ಲ. ನಿಮ್ಮ ಫೋಲ್ಡರ್‌ಗಳೇ ಅದರ ಆಲ್ಬಂಗಳು.

ಆದರೆ ಶುರುವಿನಲ್ಲೇ ಸರಿಯಾಗಿ ಹೊಂದಿಸಬೇಕು. ಫೋಟೊ ಇರುವ ಮೂಲ ಫೋಲ್ಡರ್‌ಗಳನ್ನು ಡಿಜಿಕ್ಯಾಮ್ ‘ಕಲೆಕ್ಷನ್’ ಎನ್ನುತ್ತದೆ. ಸೆಟ್ಟಿಂಗ್ಸ್‌ನ ಕಲೆಕ್ಷನ್ಸ್ ಪುಟದಲ್ಲಿ ಮೂರು ವಿಭಾಗಗಳಿವೆ: ಲೋಕಲ್, ರಿಮೂವಬಲ್ ಮೀಡಿಯಾ, ನೆಟ್‌ವರ್ಕ್ ಶೇರ್. ಯುಎಸ್‌ಬಿ ಡಿಸ್ಕ್‌ಗಳನ್ನು ಎರಡನೆಯದಕ್ಕೇ ಸೇರಿಸಿ. ಲೋಕಲ್‌ಗೆ ಸೇರಿಸಿ, ಆಮೇಲೆ ಡಿಸ್ಕ್ ಹಾಕದೆ ತೆರೆದರೆ, ಕಲೆಕ್ಷನ್ ಸಿಗುತ್ತಿಲ್ಲ, ಏನು ಮಾಡಲಿ ಎಂದು ಕೇಳುವ ಪೆಟ್ಟಿಗೆ ಬರುತ್ತದೆ. ಆಗ ‘ಯಾವಾಗಲೂ ಜೋಡಿಸಿರದ ಡಿಸ್ಕ್’ ಎಂಬ ಅರ್ಥದ ಆಯ್ಕೆ ಒತ್ತಿ. ಗಾಬರಿಯಿಂದ ಕಲೆಕ್ಷನ್ನನ್ನೇ ಪಟ್ಟಿಯಿಂದ ತೆಗೆದರೆ ಫೋಟೊ ಅಳಿಯುವುದಿಲ್ಲ, ಆದರೆ ಡೇಟಾಬೇಸ್‌ನಲ್ಲಷ್ಟೇ (ಡಿಜಿಕ್ಯಾಮ್ ತನ್ನ ಮಾಹಿತಿ ಇಟ್ಟುಕೊಳ್ಳುವ ಕಡತ) ಇದ್ದ ಟ್ಯಾಗ್, ರೇಟಿಂಗ್‌ಗಳು ಕೈಬಿಡುತ್ತವೆ.

ಡೇಟಾಬೇಸ್ ಕಂಪ್ಯೂಟರ್ ಒಳಗಿನ ಎಸ್‌ಎಸ್‌ಡಿಯಲ್ಲೇ ಇರಲಿ. ಥಂಬ್‌ನೇಲ್‌ಗಳೂ (ಫೋಟೊಗಳ ಪುಟ್ಟ ಚಿತ್ರಗಳು) ಅಲ್ಲೇ ಕೂರುವುದರಿಂದ, ಹಳೆಯ ತಿರುಗುವ ಡಿಸ್ಕ್‌ಗೆ ಹಾಕಿದರೆ ಆಲ್ಬಂ ಸ್ಕ್ರೋಲ್ ಮಾಡುವಾಗ ತಡವರಿಸುತ್ತದೆ. ಎನ್‌ಎಎಸ್‌ನಲ್ಲಿ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಫೋಟೊ ಇಡಬಹುದು. ಡಿಜಿಕ್ಯಾಮ್ ತಾನಾಗಿಯೇ ಬಳಸುವ ಎಸ್‌ಕ್ಯುಎಲೈಟ್ ಬಗೆಯ ಡೇಟಾಬೇಸನ್ನು ಇಡಲೇಬಾರದು. ಒಂದೇ ಕಡತಕ್ಕೆ ಇಬ್ಬರು ಏಕಕಾಲಕ್ಕೆ ಬರೆಯದಂತೆ ತಡೆಯುವ ಫೈಲ್ ಲಾಕಿಂಗ್ ನೆಟ್‌ವರ್ಕ್ ಮೇಲೆ ನಂಬುವಂಥದ್ದಲ್ಲ, ಕಡತ ಕೆಡಬಹುದು.

ಮೆಟಾಡೇಟಾ, ಅಂದರೆ ಫೋಟೊದ ಬಗೆಗಿನ ಮಾಹಿತಿಯ ವಿಷಯವೇ ನಿಜವಾದ ತಿರುಳು. ಟ್ಯಾಗ್, ಶೀರ್ಷಿಕೆ, ರೇಟಿಂಗ್‌ಗಳನ್ನು ಫೈಲ್‌ಗೂ ಬರೆಯುವ ಆಯ್ಕೆಗಳನ್ನು ಆನ್ ಮಾಡಿ. ನಾಳೆ ಡೇಟಾಬೇಸ್ ಹೋದರೂ ಮರು ಸ್ಕ್ಯಾನ್ ಮಾಡಿದರೆ ಹಾಗೆ ಬರೆದದ್ದೆಲ್ಲ ಮರಳಿ ಬರುತ್ತದೆ. ಕ್ಯಾಮೆರಾ ಕೊಡುವ ಕಚ್ಚಾ ‘ರಾ’ ಫೈಲ್‌ಗಳಿಗೆ ಎಕ್ಸ್‌ಎಂಪಿ ಸೈಡ್‌ಕಾರ್ (ಮಾಹಿತಿಯನ್ನು ಫೋಟೊದ ಪಕ್ಕದಲ್ಲೇ ಇಡುವ ಪುಟ್ಟ ಕಡತ) ಆರಿಸಿ. ಒಂದು ಸಣ್ಣ ತೊಡಕಿದೆ: ಕ್ಯಾನನ್ ಕ್ಯಾಮೆರಾಗಳ ರಾ ಬಗೆಯಾದ ಸಿಆರ್‌2 ಫೈಲ್‌ಗೆ ಡಿಜಿಕ್ಯಾಮ್ ಇಡುವ ಸೈಡ್‌ಕಾರ್ ಹೆಸರಿನ ಕೊನೆ ‘ಡಾಟ್ ಸಿಆರ್‌2 ಡಾಟ್ ಎಕ್ಸ್‌ಎಂಪಿ’, ಅಡೋಬಿಯ ಲೈಟ್‌ರೂಮ್ ಸಾಫ್ಟ್‌ವೇರ್ ಹುಡುಕುವುದು ನಡುವೆ ಸಿಆರ್‌2 ಇಲ್ಲದ ಹೆಸರನ್ನು. ಎರಡನ್ನೂ ಬಳಸುವವರು ವಾಣಿಜ್ಯ ಸಾಫ್ಟ್‌ವೇರ್‌ಗೆ ಹೊಂದುವ ಹೆಸರಿನ ಆಯ್ಕೆಗೆ ಟಿಕ್ ಹಾಕಲಿ. ಎಕ್ಸ್‌ಎಂಪಿ ಯುನಿಕೋಡ್ ಆದ್ದರಿಂದ ‘ಹಂಪಿ’, ‘ಕರಗ’, ‘ಅಜ್ಜಿ ಮನೆ’ ಎಂದು ಕನ್ನಡದಲ್ಲೇ ಟ್ಯಾಗ್ ಹಾಕಬಹುದು. ಇದು ಸಣ್ಣ ಸಂತೋಷವಲ್ಲ.

ಎಡವುವ ಜಾಗ ಇನ್ನೊಂದು: ಡಿಸ್ಕನ್ನು ಕ್ಲೋನ್ ಮಾಡುವುದು, ಅಂದರೆ ಇಡೀ ಡಿಸ್ಕ್‌ನ ಪಡಿಯಚ್ಚು ತೆಗೆಯುವುದು. ಪ್ರತಿಯ ಯುಯುಐಡಿಯೂ ಅದೇ ಆಗಿಬಿಟ್ಟರೆ ಯಾವುದು ಮೂಲ, ಯಾವುದು ಬ್ಯಾಕಪ್ ಎಂದು ಡಿಜಿಕ್ಯಾಮ್‌ಗೆ ತಿಳಿಯುವುದಿಲ್ಲ. ನೀವು ಬ್ಯಾಕಪ್‌ನಲ್ಲಿ ತಿದ್ದುತ್ತಾ ಕೂತಿರಬಹುದು. ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಆಮೇಲೆ ಫೈಲ್‌ಗಳನ್ನು ನಕಲಿಸಿ. ಫೋಲ್ಡರನ್ನು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಸಾಗಿಸುವುದಾದರೆ ಎಕ್ಸ್‌ಪ್ಲೋರರ್ ಬಿಟ್ಟು ಡಿಜಿಕ್ಯಾಮ್ ಒಳಗಿಂದಲೇ ಸಾಗಿಸಿ, ಎರಡೂ ಡಿಸ್ಕ್ ಜೋಡಿಸಿರುವಾಗ.

ತೆರೆಯುವಾಗ ತುಂಬಾ ಹೊತ್ತು ಹಿಡಿಯುತ್ತದೆಯೇ? ಪ್ರಾರಂಭದಲ್ಲಿ ಹೊಸ ಫೈಲ್ ಹುಡುಕುವುದನ್ನು ನಿಲ್ಲಿಸಿ, ಬೇಕಾದಾಗ ಮೆಂಟೆನೆನ್ಸ್‌ನಿಂದ ಸ್ಕ್ಯಾನ್ ಕೊಡಿ.

ಕೊರತೆ ಒಂದು ದೊಡ್ಡದೇ ಇದೆ. ಡಿಸ್ಕ್ ತೆಗೆದರೆ ಅದರ ಆಲ್ಬಂಗಳೂ ಕಣ್ಮರೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಮೊದಲೇ ಸ್ಮಾರ್ಟ್ ಪ್ರಿವ್ಯೂ (ಫೋಟೊಗಳ ಚಿಕ್ಕ ಪ್ರತಿ) ಮಾಡಿಟ್ಟಿದ್ದರೆ, ಡಿಸ್ಕ್ ಬೀರುವಿನಲ್ಲಿದ್ದರೂ ಉದ್ದದ ಬದಿ 2560 ಪಿಕ್ಸೆಲ್‌ನ ಪ್ರತಿಯನ್ನು ತಿದ್ದಬಹುದು. ಪ್ರಯಾಣದಲ್ಲಿ ಎಡಿಟ್ ಮಾಡುವವರಿಗೆ ಹಣ ಕೊಟ್ಟಾದರೂ ಅದೇ ಸರಿ. ಮನೆಯ ಮೇಜಿನ ಮೇಲೆ ಡಿಸ್ಕ್‌ಗಳನ್ನು ಜೋಡಿಸಿಕೊಂಡು ವರ್ಷಗಳ ಫೋಟೊ ವಿಂಗಡಿಸುವವರು ಡಿಜಿಕ್ಯಾಮ್ ಹಾಕಿಕೊಳ್ಳಲಿ, ಪ್ರತಿ ಡಿಸ್ಕ್‌ನ ಮೇಲೂ ಕಲೆಕ್ಷನ್‌ಗೆ ಕೊಟ್ಟ ಹೆಸರನ್ನೇ ಚೀಟಿಯಲ್ಲಿ ಬರೆದು ಅಂಟಿಸಲಿ.